ಕಲ್ಲುಗುಡ್ಡದ ದ್ರಾಕ್ಷಿ, ಗಡಿಗಲ್ಲಿನ ಹೆಸರು: ಪೋರ್ಚುಗಲ್ಲಿನ ದೌರೊ ಕಣಿವೆ

ಪೀಪಾಯಿ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಈ ಮಾತು ಪೋರ್ಚುಗೀಸ್ ಭಾಷೆಯ ‘ಪೀಪ’ ಎಂಬ ಪದದಿಂದ ಬಂದುದು. ಬಟಾಟೆ, ಅನಾನಸ್ ಎಂಬ ಹೆಸರುಗಳೂ ಅದೇ ದಾರಿಯಿಂದ ನಮ್ಮ ಕರಾವಳಿಗೆ ಬಂದವು. ಪೋರ್ಚುಗಲ್ಲಿನ ಉತ್ತರ ಭಾಗದ ದೌರೊ ಎಂಬ ನದಿ ಕಣಿವೆಯಲ್ಲಿ ‘ಪೀಪ’ ಎಂದರೆ ಕೇವಲ ಮರದ ಪಾತ್ರೆಯಲ್ಲ, ಅದು ಲೆಕ್ಕದ ಅಳತೆ. ಒಂದು ಪೀಪ ಎಂದರೆ 550 ಲೀಟರು. ನಮ್ಮ ರೈತರು ಕ್ವಿಂಟಾಲಿನಲ್ಲಿ ಫಸಲನ್ನು ಲೆಕ್ಕ ಹಾಕುವಂತೆ ಅಲ್ಲಿಯ ದ್ರಾಕ್ಷಿ ಬೆಳೆಗಾರನು ಪೀಪದಲ್ಲಿ ತನ್ನ ವರ್ಷದ ಬದುಕನ್ನು ಲೆಕ್ಕ ಹಾಕುತ್ತಾನೆ.

ಈ ಕಣಿವೆಯಲ್ಲಿ ತಯಾರಾಗುವ ಪೋರ್ಟ್ ಎಂಬ ಸಿಹಿ ವೈನು ಜಗತ್ಪ್ರಸಿದ್ಧ. ಕುಡಿತದ ಗುಣದೋಷಗಳ ವಿಚಾರ ಈ ಲೇಖನದ ಉದ್ದೇಶವಲ್ಲ. ನಾವು ಗಮನಿಸಬೇಕಾದುದು ಬೇರೆ ಸಂಗತಿ. ಮಣ್ಣಿಲ್ಲದ, ನೀರಿಲ್ಲದ, ನೇಗಿಲು ಹೂಡಲಾಗದ ಕಡಿದಾದ ಗುಡ್ಡಗಳಲ್ಲಿ ರೈತರು ಕೈಯಿಂದ ತೋಟ ಕಟ್ಟಿ, ಅಲ್ಲಿಯ ಫಸಲಿಗೆ ಒಂದು ಹೆಸರು ಗಳಿಸಿ, ಆ ಹೆಸರನ್ನು ಕಲಬೆರಕೆಯಿಂದ ಕಾಪಾಡಲು 265 ವರ್ಷಗಳಿಗೂ ಹಿಂದೆಯೇ ಗಡಿಗಲ್ಲು ನೆಟ್ಟ ಪ್ರದೇಶವಿದು. ಹೆಸರಿನಿಂದ ರೈತನಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದೂ ತಿಳಿಯತಕ್ಕ ವಿಷಯ.

ಕಣಿವೆಯ ಸ್ವರೂಪ

ದೌರೊ ನದಿಯು ಸ್ಪೇನ್ ದೇಶದಲ್ಲಿ ಹುಟ್ಟಿ, ಪಶ್ಚಿಮಕ್ಕೆ ಹರಿದು, ಸುಮಾರು 900 ಕಿ.ಮೀ. ಕ್ರಮಿಸಿ, ಪೋರ್ಟೊ ನಗರದ ಬಳಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ದ್ರಾಕ್ಷಿಯ ನಾಡು ಸಮುದ್ರದ ದಡದಲ್ಲಿಲ್ಲ. ಪೋರ್ಟೊ ನಗರದಿಂದ ಒಳನಾಡಿಗೆ ಸುಮಾರು 100 ಕಿ.ಮೀ. ಹೋದ ಮೇಲೆ ಅದು ಆರಂಭವಾಗುತ್ತದೆ. ಅಲ್ಲಿಂದ ಸ್ಪೇನಿನ ಗಡಿಯವರೆಗೆ ನದಿಯ ಮತ್ತು ಅದರ ಉಪನದಿಗಳ ಎರಡೂ ಬದಿಯ ಗುಡ್ಡಗಳು ಈ ಪ್ರದೇಶಕ್ಕೆ ಸೇರಿವೆ. ಒಟ್ಟು ವಿಸ್ತೀರ್ಣ ಸುಮಾರು 2,50,000 ಹೆಕ್ಟೇರು. ಇದರಲ್ಲಿ ದ್ರಾಕ್ಷಿ ಇರುವುದು ಸುಮಾರು 43,000 ಹೆಕ್ಟೇರಿನಲ್ಲಿ ಮಾತ್ರ. ಉಳಿದುದು ಕಾಡು, ಕುರುಚಲು, ಆಲಿವ್ ಮತ್ತು ಬಾದಾಮಿ ತೋಪು, ಬರೀ ಬಂಡೆ.

ಸಮುದ್ರಕ್ಕೂ ಈ ಕಣಿವೆಗೂ ನಡುವೆ ಮರಾವ್ ಎಂಬ ಪರ್ವತವಿದೆ. ಇದರ ಎತ್ತರ 1,400 ಮೀಟರಿಗೂ ಅಧಿಕ. ಸಾಗರದಿಂದ ಬರುವ ಮೋಡಗಳನ್ನು ಈ ಪರ್ವತವು ತಡೆಯುತ್ತದೆ. ನಮ್ಮ ಸಹ್ಯಾದ್ರಿಯ ಪಶ್ಚಿಮಕ್ಕೆ ಧಾರಾಕಾರ ಮಳೆ ಸುರಿದು, ಪೂರ್ವಕ್ಕೆ ಬಂದಂತೆ ಬಯಲುಸೀಮೆಯಲ್ಲಿ ಮಳೆ ಕಡಿಮೆಯಾಗುವುದನ್ನು ಬಲ್ಲ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪ್ರದೇಶದ ಪಶ್ಚಿಮ ಭಾಗವಾದ ಬಾಯ್ಶೊ ಕೊರ್ಗೊದಲ್ಲಿ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆಯಾದರೆ, ಪಿನ್ಯಾವ್ ಎಂಬ ಊರಿನ ಸುತ್ತಲ ನಡುಭಾಗವಾದ ಸಿಮಾ ಕೊರ್ಗೊದಲ್ಲಿ ಸುಮಾರು 700 ಮಿ.ಮೀ., ಸ್ಪೇನಿನ ಗಡಿಗೆ ತಾಗಿದ ದೌರೊ ಸುಪೀರಿಯೊರ್ ಭಾಗದಲ್ಲಿ 400ರಿಂದ 500 ಮಿ.ಮೀ. ಬೀಳುತ್ತದೆ. ಮಳೆಯ ಬಹುಪಾಲು ಚಳಿಗಾಲದಲ್ಲಿ. ಕಾಯಿ ಬಲಿಯುವ ಬೇಸಿಗೆಯಲ್ಲಿ ಮಳೆ ಬಹಳ ಕಡಿಮೆ.

ಚಳಿಗಾಲದಲ್ಲಿ ಕೊರೆಯುವ ಚಳಿ, ಬೇಸಿಗೆಯಲ್ಲಿ ಬೆಂಕಿಯಂತಹ ಬಿಸಿಲು. ‘ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ’ ಎಂದು ಅಲ್ಲಿಯ ಜನರೇ ಹೇಳುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಸಾಮಾನ್ಯ. ಪಿನ್ಯಾವ್ ಊರಿನಲ್ಲಿ 2022ರ ಜುಲೈ ತಿಂಗಳಲ್ಲಿ 47 ಡಿಗ್ರಿ ದಾಖಲಾಯಿತು.

ಮಣ್ಣಲ್ಲ, ಕಲ್ಲು

ದೌರೊ ದ್ರಾಕ್ಷಿಯ ಗುಟ್ಟು ಅಲ್ಲಿಯ ಕಲ್ಲಿನಲ್ಲಿದೆ. ಸುತ್ತಲಿನ ಸೀಮೆಯೆಲ್ಲ ಗಟ್ಟಿಯಾದ ಗ್ರಾನೈಟ್ ಶಿಲೆ. ಕಣಿವೆಯ ಉದ್ದಕ್ಕೂ ಮಾತ್ರ ಶಿಸ್ಟ್ ಎಂಬ ಪದರುಗಲ್ಲು. ನಮ್ಮ ರಾಜ್ಯದಲ್ಲಿ ಚಿತ್ರದುರ್ಗ, ಗದಗ ಮೊದಲಾದ ಕಡೆ ಹಾದುಹೋಗುವ ಧಾರವಾಡ ಶಿಲಾಶ್ರೇಣಿಯಲ್ಲಿಯೂ ಈ ಜಾತಿಯ ಕಲ್ಲುಂಟು. ಏಟು ಹಾಕಿದರೆ ಹಲಗೆಗಳಂತೆ ಬಿಡಿಸಿಕೊಳ್ಳುತ್ತದೆ.

ದೌರೊ ಕಣಿವೆಯಲ್ಲಿ ಈ ಪದರುಗಳು ಬಹಳ ಕಡೆ ಮಲಗಿಲ್ಲ, ನೆಟ್ಟಗೆ ಅಥವಾ ಓರೆಯಾಗಿ ನಿಂತಿವೆ. ಆದುದರಿಂದ ಚಳಿಗಾಲದ ಮಳೆನೀರು ಬಿರುಕುಗಳಲ್ಲಿ ಇಳಿದು ಆಳದಲ್ಲಿ ನಿಲ್ಲುತ್ತದೆ. ದ್ರಾಕ್ಷಿಯ ಬೇರುಗಳು ಅದೇ ಬಿರುಕುಗಳನ್ನು ಹಿಡಿದು ಹಲವು ಮೀಟರು ಕೆಳಗೆ ಹೋಗುತ್ತವೆ. ಮೇಲೆ ಬೆಂಕಿ ಸುರಿಯುತ್ತಿದ್ದರೂ ಬಳ್ಳಿ ಜೀವ ಹಿಡಿದಿರುವುದು ಈ ಕಾರಣದಿಂದ. ಗ್ರಾನೈಟಿನಲ್ಲಿ ಬೇರಿಗೆ ಇಂತಹ ದಾರಿ ಸಿಗುವುದಿಲ್ಲ. ಕಲ್ಲು ಹಗಲಿನ ಕಾವನ್ನು ಹೀರಿ ರಾತ್ರಿ ನಿಧಾನವಾಗಿ ಬಿಡುವುದರಿಂದ ಹಣ್ಣು ಚೆನ್ನಾಗಿ ಪಕ್ವವಾಗುತ್ತದೆ.

ಈ ನೆಲ ಹುಳಿ ಗುಣದ್ದು. ಸಾವಯವ ಅಂಶವೂ ರಂಜಕವೂ ಕಡಿಮೆ, ಪೊಟ್ಯಾಷ್ ಮಾತ್ರ ಸಾಕಷ್ಟು. ಧಾನ್ಯ ಬೆಳೆಯಲು ಇಂತಹ ನೆಲ ಅಯೋಗ್ಯ. ದ್ರಾಕ್ಷಿಯೂ ಇಲ್ಲಿ ಹೇರಳವಾಗಿ ಬಿಡುವುದಿಲ್ಲ. ಕಾಯಿ ಚಿಕ್ಕದು, ಸಿಪ್ಪೆ ದಪ್ಪ, ರಸ ಕಡಿಮೆ, ಆದರೆ ಸಕ್ಕರೆ ಮತ್ತು ಬಣ್ಣ ಗಾಢ. ಕಾನೂನಿನ ಪ್ರಕಾರ ಹೆಕ್ಟೇರಿಗೆ 55 ಹೆಕ್ಟೋಲೀಟರು, ಅಂದರೆ ಸುಮಾರು ಏಳೂವರೆ ಟನ್ ದ್ರಾಕ್ಷಿಗಿಂತ ಹೆಚ್ಚು ಇಳುವರಿಗೆ ಈ ಪ್ರದೇಶದ ಹೆಸರು ಬಳಸುವಂತಿಲ್ಲ. ಅನೇಕ ತೋಟಗಳು ಆ ಮಿತಿಯನ್ನು ಮುಟ್ಟುವುದೂ ಇಲ್ಲ. ನಮ್ಮ ವಿಜಯಪುರ ಜಿಲ್ಲೆಯ ತಿನ್ನುವ ದ್ರಾಕ್ಷಿ ತೋಟಗಳಲ್ಲಿ ಹೆಕ್ಟೇರಿಗೆ 20 ಟನ್ ಬರುವುದು ವಿಶೇಷವಲ್ಲ. ಎರಡು ಬೇಸಾಯಗಳ ಗುರಿಯೇ ಬೇರೆ ಎಂಬುದನ್ನು ಇದರಿಂದ ತಿಳಿಯಬಹುದು.

ಗುಡ್ಡಕ್ಕೆ ಮೆಟ್ಟಿಲು ಕಟ್ಟಿದ ಬಗೆ

ಕಡಿದಾದ ಇಳಿಜಾರಿನಲ್ಲಿ ಮೊದಲು ತೋಟಕ್ಕೆ ನೆಲವನ್ನೇ ಮಾಡಬೇಕಾಯಿತು. ಹಿಂದಿನವರು ಹಾರೆ, ಗುದ್ದಲಿಗಳಿಂದ ಬಂಡೆಯನ್ನು ಒಡೆದರು. ಮುಂದೆ ಮದ್ದು ಸಿಡಿಸಿ ಒಡೆಯುವುದೂ ಬಂತು. ದೊಡ್ಡ ಕಲ್ಲುಗಳಿಂದ ಗಾರೆಯಿಲ್ಲದ ಒಣಗೋಡೆ ಕಟ್ಟಿ, ಹಿಂದಕ್ಕೆ ಪುಡಿಗಲ್ಲು ತುಂಬಿ, ಬಳ್ಳಿ ನೆಟ್ಟರು. ಮಣ್ಣು ಇದ್ದದ್ದಲ್ಲ, ಮಾಡಿದ್ದು. ಗೋಡೆಯಲ್ಲಿ ಗಾರೆ ಇಲ್ಲದ ಕಾರಣ ಮಳೆಯ ನೀರು ಕಲ್ಲುಸಂದಿಗಳಿಂದ ಸೋರಿ ಹೋಗುತ್ತದೆ. ನೀರಿನ ಒತ್ತಡಕ್ಕೆ ಗೋಡೆ ಬೀಳುವುದಿಲ್ಲ.

ಅತಿ ಹಳೆಯ ಮೆಟ್ಟಿಲುಗಳು ಬಹಳ ಕಿರಿದು, ಒಂದೆರಡು ಸಾಲಿನವು. ಕೆಲವೆಡೆ ಬಳ್ಳಿಯನ್ನು ಗೋಡೆಯಲ್ಲೇ ಬಿಟ್ಟ ಕಿಂಡಿಗಳಲ್ಲಿ ನೆಟ್ಟು, ಮೇಲಿನ ಅಂಗೈಯಗಲ ನೆಲವನ್ನು ಧಾನ್ಯಕ್ಕೆ ಉಳಿಸಿಕೊಳ್ಳುತ್ತಿದ್ದರು. 19ನೆಯ ಶತಮಾನದ ಕೊನೆಯಲ್ಲಿ ಅಗಲವಾದ ಮೆಟ್ಟಿಲುಗಳು ಬಂದವು. ಇವುಗಳಲ್ಲಿ ಹೆಕ್ಟೇರಿಗೆ ಸುಮಾರು 6,000 ಬಳ್ಳಿಗಳು ಹಿಡಿಯುತ್ತಿದ್ದವು. ಆದರೆ ಇಲ್ಲಿ ಹೇಸರಗತ್ತೆಯಾದರೂ ನಡೆದೀತು, ಟ್ರ್ಯಾಕ್ಟರ್ ನಡೆಯದು.

1960ರ ದಶಕದಲ್ಲಿ ಹಳ್ಳಿಯ ಯುವಕರು ಕೆಲಸ ಹುಡುಕಿ ಫ್ರಾನ್ಸ್ ಮೊದಲಾದ ದೇಶಗಳಿಗೆ ಹೋದುದರಿಂದ ಆಳುಗಳ ಅಭಾವ ತಲೆದೋರಿತು. ಕೈಗೆಲಸದ ತೋಟಗಳನ್ನು ನಡೆಸುವುದು ಕಷ್ಟವಾಯಿತು. 1970 ಮತ್ತು 1980ರ ದಶಕಗಳಲ್ಲಿ ಬುಲ್‌ಡೋಜರಿನಿಂದ ಗುಡ್ಡ ಕೊರೆದು, ಗೋಡೆಯಿಲ್ಲದ ಮಣ್ಣುದಿಬ್ಬದ ಮೆಟ್ಟಿಲುಗಳನ್ನು ಮಾಡಿದರು. ಇವುಗಳಲ್ಲಿ ಸಾಮಾನ್ಯವಾಗಿ ಎರಡು ಸಾಲು ಬಳ್ಳಿ, ನಡುವೆ ಸಣ್ಣ ಟ್ರ್ಯಾಕ್ಟರ್ ಓಡಾಟ. ಇಳಿಜಾರು ಅಷ್ಟು ಕಡಿದಿಲ್ಲದ ಕಡೆ ಮೆಟ್ಟಿಲನ್ನೇ ಬಿಟ್ಟು, ಮೇಲಿನಿಂದ ಕೆಳಕ್ಕೆ ನೇರ ಸಾಲು ಹಾಕುವ ಪದ್ಧತಿಯೂ ಬಂತು.

ಖರ್ಚು ಇಳಿಯಿತು. ಆದರೆ ದಿಬ್ಬದ ಇಳಿಮುಖಕ್ಕೆ ಬಹಳ ಜಾಗ ಹೋಗಿ ಬಳ್ಳಿಗಳ ಸಂಖ್ಯೆ ಅರ್ಧದಷ್ಟಾಯಿತು. ಬಿರುಸಿನ ಮಳೆಗೆ ದಿಬ್ಬ ಕೊರೆದುಹೋಗತೊಡಗಿತು. ಈ ಅನುಭವದಿಂದ ಪಾಠ ಕಲಿತು, ಈಗ ಹಲವು ಕಡೆ ಒಂದೇ ಸಾಲಿನ ಕಿರಿದಾದ ಮೆಟ್ಟಿಲುಗಳನ್ನು ಮಾಡುತ್ತಿದ್ದಾರೆ. ಮೆಟ್ಟಿಲಿನ ಉದ್ದಕ್ಕೂ ಶೇಕಡಾ 3ರಷ್ಟು ಸಣ್ಣ ಇಳುಕಲು ಕೊಡುತ್ತಾರೆ. ಇದರಿಂದ ನೀರಿನ ಒಂದು ಭಾಗ ಇಂಗುತ್ತದೆ, ಉಳಿದುದು ನಿಲ್ಲದೆ, ಕೊರೆಯದೆ, ಬದಿಯ ಕಾಲುವೆಗೆ ಸಾಗುತ್ತದೆ. ನಮ್ಮ ಬದು ನಿರ್ಮಾಣದಲ್ಲಿ ಸಣ್ಣ ಇಳುಕಲಿಗೆ ಕೊಡುವ ಮಹತ್ವ ಬಲ್ಲವರಿಗೆ ಇದರ ತತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ.

ರೈತರ ತಲೆಮಾರುಗಳು ಕಟ್ಟಿದ ಈ ಭೂದೃಶ್ಯವನ್ನು 2001ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವ ಪರಂಪರೆಯ ತಾಣವೆಂದು ಮಾನ್ಯ ಮಾಡಿತು. ದೇವಾಲಯಕ್ಕೋ ಕೋಟೆಗೋ ಸಲ್ಲುವ ಮನ್ನಣೆ ಇಲ್ಲಿ ಬೇಸಾಯದ ಗೋಡೆಗೆ ಸಂದಿತು.

ತಳಿಗಳು ಮತ್ತು ವರ್ಷದ ಕೆಲಸ

ದೌರೊ ಪ್ರದೇಶದಲ್ಲಿ ನೂರಕ್ಕೂ ಹೆಚ್ಚು ದ್ರಾಕ್ಷಿ ತಳಿಗಳಿಗೆ ಅನುಮತಿಯಿದೆ. ಹಳೆಯ ತೋಟಗಳಲ್ಲಿ ಒಂದೇ ತಾಕಿನಲ್ಲಿ ಇಪ್ಪತ್ತು, ಮೂವತ್ತು ತಳಿಗಳು ಬೆರೆತಿರುತ್ತವೆ. ನಮ್ಮ ಹೊಲದ ಅಕ್ಕಡಿ ಸಾಲಿನ ಹಾಗೆ ಇದೂ ಒಂದು ಬಗೆಯ ವಿಮೆ. ಒಂದು ತಳಿ ಬಿಸಿಲಿಗೆ ಬಾಡಿದರೆ ಇನ್ನೊಂದು ತಡೆದುಕೊಳ್ಳುತ್ತದೆ. ಒಂದು ಬಣ್ಣ ಕೊಟ್ಟರೆ ಇನ್ನೊಂದು ಹುಳಿಯನ್ನು, ಮತ್ತೊಂದು ಸುವಾಸನೆಯನ್ನು ಕೊಡುತ್ತದೆ.

1970ರ ದಶಕದಿಂದ ನಡೆದ ಸಂಶೋಧನೆಯ ಫಲವಾಗಿ ಐದು ಕೆಂಪು ತಳಿಗಳಿಗೆ ಪ್ರಾಶಸ್ತ್ಯ ದೊರೆಯಿತು. ಅವು ತೂರಿಗಾ ನಾಸಿಯೊನಾಲ್, ತೂರಿಗಾ ಫ್ರಾಂಕಾ, ತಿಂತಾ ರೊರೀಸ್, ತಿಂತಾ ಬರೋಕಾ ಮತ್ತು ತಿಂತೊ ಕಾವ್. ಇವುಗಳಲ್ಲಿ ತೂರಿಗಾ ನಾಸಿಯೊನಾಲ್ ಗುಣದಲ್ಲಿ ಹೆಸರಾದುದು. ಗೊಂಚಲು ಚಿಕ್ಕದು, ಇಳುವರಿ ತೀರ ಕಡಿಮೆ. ಹೀಗಾಗಿ ಒಂದು ಕಾಲದಲ್ಲಿ ರೈತರು ಅದನ್ನು ಕೈಬಿಟ್ಟಿದ್ದರು. ಉತ್ತಮ ತಾಯಿಬಳ್ಳಿಗಳನ್ನು ಆರಿಸಿ ವೃದ್ಧಿಪಡಿಸಿದ ಮೇಲೆ ಅದು ಮತ್ತೆ ತೋಟಗಳಿಗೆ ಬಂತು. ತೂರಿಗಾ ಫ್ರಾಂಕಾ ಇಳುವರಿಯಲ್ಲಿ ನಂಬಿಕಸ್ಥ ತಳಿ. ಇಂದು ಹೆಚ್ಚು ವಿಸ್ತೀರ್ಣದಲ್ಲಿರುವ ತಳಿಗಳಲ್ಲಿ ಒಂದು.

ನಮ್ಮಲ್ಲಿ ದ್ರಾಕ್ಷಿ ಬಳ್ಳಿಗೆ ನಿದ್ರೆಯ ಕಾಲವಿಲ್ಲ. ಆದುದರಿಂದ ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಚಾಟನಿ ಮಾಡಿ ಫಸಲು ಪಡೆಯುತ್ತೇವೆ. ದೌರೊದಲ್ಲಿ ಹಾಗಲ್ಲ. ಚಳಿಗಾಲ ಬಂತೆಂದರೆ ಎಲೆ ಉದುರಿ ಬಳ್ಳಿ ಮಲಗುತ್ತದೆ. ಆಗ ಒಮ್ಮೆ ಸವರುತ್ತಾರೆ. ಮಾರ್ಚ್ ತಿಂಗಳಲ್ಲಿ ಚಿಗುರು, ಮೇ ತಿಂಗಳಲ್ಲಿ ಹೂವು, ಸೆಪ್ಟೆಂಬರಿನಲ್ಲಿ ಕೊಯ್ಲು. ವರ್ಷಕ್ಕೆ ಒಂದೇ ಚಾಟನಿ, ಒಂದೇ ಫಸಲು.

ಕೊಯ್ಲು ಇಂದಿಗೂ ಬಹುಮಟ್ಟಿಗೆ ಕೈಕೆಲಸ. ಹಿಂದೆ ಬೆಟ್ಟದ ಹಳ್ಳಿಗಳಿಂದ ಗಂಡಸರು, ಹೆಂಗಸರು, ಮಕ್ಕಳು ಮೇಸ್ತ್ರಿಯೊಬ್ಬನ ಹಿಂದೆ ತಂಡ ಕಟ್ಟಿಕೊಂಡು ಇಳಿದು ಬರುತ್ತಿದ್ದರು. ಹೆಂಗಸರು ಗೊಂಚಲು ಕತ್ತರಿಸಿದರೆ, ಗಂಡಸರು ಸುಮಾರು 50 ಕಿಲೋ ತೂಕದ ಬುಟ್ಟಿಗಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಇಳಿಯುತ್ತಿದ್ದರು.

ಪೋರ್ಟ್ ವೈನ್ ಆಗುವ ಕ್ರಮ

ಕೊಯ್ದ ದ್ರಾಕ್ಷಿಯನ್ನು ಮೊಣಕಾಲಿನೆತ್ತರದ ಅಗಲವಾದ ಕಲ್ಲುತೊಟ್ಟಿಗೆ ಸುರಿಯುತ್ತಾರೆ. ಕಾಲು ತೊಳೆದ ಆಳುಗಳು ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ನಿಂತು, ಹೆಜ್ಜೆಯ ತಾಳಕ್ಕೆ ತಕ್ಕಂತೆ ತುಳಿಯುತ್ತಾರೆ. ಮೊದಲ ಒಂದೆರಡು ಗಂಟೆ ಶಿಸ್ತಿನ ತುಳಿತ, ಬಳಿಕ ವಾದ್ಯ ನುಡಿಸಿ ಹಾಡಿ ಕುಣಿಯುವ ತುಳಿತ. ಇದು ಬರೀ ಸಂಪ್ರದಾಯವಲ್ಲ. ಸಿಪ್ಪೆಯ ಬಣ್ಣ ಮತ್ತು ಒಗರು ಎರಡು ಮೂರು ದಿನಗಳೊಳಗೆ ರಸಕ್ಕೆ ಇಳಿಯಬೇಕು. ಬೀಜ ಒಡೆದರೆ ಮಾತ್ರ ಕಹಿಯಾಗುತ್ತದೆ. ಮನುಷ್ಯನ ಅಂಗಾಲು ಸಿಪ್ಪೆಯನ್ನು ಚೆನ್ನಾಗಿ ಜಜ್ಜುತ್ತದೆ, ಬೀಜವನ್ನು ಒಡೆಯುವುದಿಲ್ಲ. ಈಗ ಬಹಳ ಕಡೆ ಇದೇ ಕೆಲಸ ಮಾಡುವ ಯಂತ್ರಗಳು ಬಂದಿವೆ; ಕೆಲವು ತೋಟಗಳಲ್ಲಿ ಕಾಲಿನ ತುಳಿತ ಉಳಿದಿದೆ.

ರಸವು ಹುದುಗಲು ಆರಂಭಿಸಿದಾಗ ಅದರ ಸಕ್ಕರೆಯು ಮದ್ಯಸಾರವಾಗಿ ಮಾರ್ಪಡುತ್ತದೆ. ಸಾಮಾನ್ಯ ವೈನಿನಲ್ಲಿ ಸಕ್ಕರೆ ಬಹುತೇಕ ಮುಗಿಯುವವರೆಗೂ ಬಿಡುತ್ತಾರೆ. ಪೋರ್ಟ್ ತಯಾರಿಕೆಯಲ್ಲಿ ಸುಮಾರು ಅರ್ಧದಷ್ಟು ಸಕ್ಕರೆ ಉಳಿದಿರುವಾಗಲೇ ರಸವನ್ನು ಬಸಿದು, ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ, ಶೇಕಡಾ 77ರಷ್ಟು ಮದ್ಯಸಾರವುಳ್ಳ ಸಾರಾಯಿಯನ್ನು ಸೇರಿಸುತ್ತಾರೆ. ವಾಡಿಕೆಯ ಲೆಕ್ಕ 435 ಲೀಟರು ರಸಕ್ಕೆ 115 ಲೀಟರು ಸಾರಾಯಿ. ಎರಡೂ ಸೇರಿ ಒಂದು ಪೀಪ. ಅಷ್ಟು ತೀಕ್ಷ್ಣತೆಯಲ್ಲಿ ಹುದುಗಿನ ಸೂಕ್ಷ್ಮಜೀವಿಗಳು ಬದುಕಲಾರವು. ಹುದುಗು ನಿಂತು, ಹಣ್ಣಿನ ಸಹಜ ಸಿಹಿ ಹಾಗೆಯೇ ಉಳಿಯುತ್ತದೆ. ಸಕ್ಕರೆ ಬೆರೆಸಿ ಮಾಡಿದ ಸಿಹಿ ಇದಲ್ಲ. ಸಿದ್ಧವಾದ ವೈನಿನಲ್ಲಿ ಶೇಕಡಾ 19ರಿಂದ 22ರಷ್ಟು ಮದ್ಯಸಾರವಿರುತ್ತದೆ.

ಮುಂದಿನದು ಕಾಯಿಸುವ ಕೆಲಸ. ದೊಡ್ಡ ಪಾತ್ರೆಗಳಲ್ಲಿ ಕೆಲವೇ ವರ್ಷ ಇಟ್ಟದ್ದು ಮಾಣಿಕ್ಯದ ಕೆಂಪು ಉಳಿಸಿಕೊಳ್ಳುತ್ತದೆ. ಇದಕ್ಕೆ ‘ರೂಬಿ’ ಎಂದು ಹೆಸರು. ಮರದ ಪೀಪಾಯಿಗಳಲ್ಲಿ 10, 20, 30, 40 ವರ್ಷ ಇಟ್ಟದ್ದಕ್ಕೆ ಮರದ ರಂಧ್ರಗಳಿಂದ ಗಾಳಿ ತಾಗಿ, ಬಣ್ಣ ಕಂದಾಗಿ, ಒಣಹಣ್ಣಿನ ರುಚಿ ಬರುತ್ತದೆ, ಇದು ‘ಟಾನಿ’. ಅತ್ಯುತ್ತಮ ವರ್ಷದ ಆಯ್ದ ವೈನನ್ನು ಎರಡು ಮೂರು ವರ್ಷಕ್ಕೇ ಸೀಸೆಗೆ ತುಂಬಿ, ಸೀಸೆಯಲ್ಲಿಯೇ ದಶಕಗಳ ಕಾಲ ಹಣ್ಣಾಗಲು ಬಿಟ್ಟರೆ ಅದು ‘ವಿಂಟೇಜ್’.

ಈ ದಾಸ್ತಾನು ಕಣಿವೆಯ ಬಿಸಿಲಿನಲ್ಲಲ್ಲ, ಸಮುದ್ರದ ಬಳಿ ಪೋರ್ಟೊ ನಗರದ ಎದುರು ದಡದ ವಿಲಾ ನೋವಾ ದೆ ಗಾಯಾ ಎಂಬ ಊರಿನ ತಂಪು ಉಗ್ರಾಣಗಳಲ್ಲಿ ನಡೆಯುತ್ತಿತ್ತು. ಪೀಪಾಯಿಗಳನ್ನು ಚಪ್ಪಟೆ ತಳದ ದೋಣಿಗಳಲ್ಲಿ ಹೇರಿ, ಸೆಳವು ಬಂಡೆಗಳನ್ನು ದಾಟಿಸಿ ತರುತ್ತಿದ್ದರು. ನದಿಯ ನಕ್ಷೆ ಬರೆದು ಪ್ರಸಿದ್ಧನಾದ ಇಂಗ್ಲಿಷ್ ವರ್ತಕ ಜೋಸೆಫ್ ಜೇಮ್ಸ್ ಫಾರೆಸ್ಟರ್ ಎಂಬಾತನೇ 1861ರಲ್ಲಿ ವಲೇಯಿರಾ ಎಂಬ ಸೆಳವಿನಲ್ಲಿ ಮುಳುಗಿ ತೀರಿಕೊಂಡನು. ರೈಲು ಬಂದ ಮೇಲೆ ದೋಣಿಗಳು ಕಡಿಮೆಯಾದವು. ಅಣೆಕಟ್ಟುಗಳು ಕಟ್ಟಿದ ಮೇಲೆ ನಿಂತೇಹೋದವು. ರಫ್ತಾಗುವ ಪೋರ್ಟ್ ಗಾಯಾ ಉಗ್ರಾಣಗಳ ಮೂಲಕವೇ ಹೋಗಬೇಕೆಂಬ ನಿಯಮ 1986ರವರೆಗೂ ಇತ್ತು. ಅಂದರೆ ಗಾಯಾದಲ್ಲಿ ಉಗ್ರಾಣವಿಲ್ಲದ ಬೆಳೆಗಾರನು ತನ್ನ ಹೆಸರಿನಲ್ಲಿ ಹೊರದೇಶಕ್ಕೆ ಮಾರುವಂತಿರಲಿಲ್ಲ.

ಗಡಿಗಲ್ಲು ಬಂದ ಕಥೆ

1703ರಲ್ಲಿ ಇಂಗ್ಲೆಂಡ್ ಮತ್ತು ಪೋರ್ಚುಗಲ್ ಮಾಡಿಕೊಂಡ ಮೆಥ್ಯುಯೆನ್ ಒಪ್ಪಂದದಂತೆ ಪೋರ್ಚುಗಲ್ಲಿನ ವೈನಿಗೆ ಫ್ರಾನ್ಸಿನ ವೈನಿಗಿಂತ ಮೂರನೆಯ ಒಂದು ಭಾಗ ಕಡಿಮೆ ಸುಂಕ ಬಿತ್ತು. ಬೇಡಿಕೆ ಏರಿತು, ಬೆಲೆ ಏರಿತು. ಆಗ ಎಲ್ಲೆಲ್ಲಿಂದಲೋ ತಂದ ತೆಳು ವೈನನ್ನು ದೌರೊ ಹೆಸರಿನಲ್ಲಿ ಮಾರುವುದು ಆರಂಭವಾಯಿತು. ಬಣ್ಣ ಬರಲೆಂದು ಎಲ್ಡರ್ ಎಂಬ ಗಿಡದ ಕಪ್ಪು ಹಣ್ಣಿನ ರಸವನ್ನು ಬೆರೆಸಿದರು. ಕೊಳ್ಳುವವರ ನಂಬಿಕೆ ಹೋಯಿತು. 1750ರ ದಶಕದಲ್ಲಿ ಬೆಲೆ ಕುಸಿಯಿತು. ಕಲಬೆರಕೆ ಮಾಡಿದವರು ಯಾರೇ ಇರಲಿ, ಹೊಡೆತ ಬಿದ್ದದ್ದು ಗುಡ್ಡದ ಬೆಳೆಗಾರನ ಮೇಲೆ.

ಆಗ ದೇಶದ ಮುಖ್ಯ ಮಂತ್ರಿಯಾಗಿದ್ದವನು, ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದವನು. 1756ರ ಸೆಪ್ಟೆಂಬರಿನಲ್ಲಿ ಆತನು ರಾಜಾಜ್ಞೆಯ ಮೂಲಕ ದೌರೊ ದ್ರಾಕ್ಷಿ ಬೇಸಾಯಕ್ಕಾಗಿ ಒಂದು ಕಂಪನಿಯನ್ನು ಸ್ಥಾಪಿಸಿದನು. ರಫ್ತಿಗೆ ಯೋಗ್ಯವಾದ ವೈನ್ ಬರುವ ಭೂಮಿಯನ್ನು ಅಳೆದು ಗುರುತಿಸಿ, ಸುತ್ತಲೂ ಗ್ರಾನೈಟ್ ಕಂಬಗಳನ್ನು ನೆಡಲಾಯಿತು. 1758ರಲ್ಲಿ 201, 1761ರಲ್ಲಿ 134, ಒಟ್ಟು 335 ಗಡಿಗಲ್ಲುಗಳು. ಒಳಗಿನ ವೈನಿಗೆ ಹೆಚ್ಚಿನ ಬೆಲೆ, ಹೊರಗಿನದು ಒಳನಾಡಿನ ಬಳಕೆಗೆ. ಪ್ರದೇಶದೊಳಗಿನ ಎಲ್ಡರ್ ಗಿಡಗಳನ್ನು ಕಿತ್ತುಹಾಕಲು ಆಜ್ಞೆಯಾಯಿತು. ಆ ಕಂಬಗಳಲ್ಲಿ ಹಲವನ್ನು ಇಂದಿಗೂ ತೋಟಗಳ ನಡುವೆ ಕಾಣಬಹುದು. ಜಗತ್ತಿನಲ್ಲಿ ಗಡಿ ಗುರುತಿಸಿ ನಿಯಮಕ್ಕೆ ಒಳಪಡಿಸಿದ ಅತಿ ಹಳೆಯ ದ್ರಾಕ್ಷಿ ಪ್ರದೇಶಗಳಲ್ಲಿ ಇದೂ ಒಂದು.

ಈ ವ್ಯವಸ್ಥೆ ಎಲ್ಲರಿಗೂ ಒಳ್ಳೆಯದನ್ನೇ ಮಾಡಿತೆಂದು ಹೇಳಲಾಗದು. ಕಂಪನಿಗೆ ಪೋರ್ಟೊ ನಗರದ ವೈನ್ ಚಿಲ್ಲರೆ ಮಾರಾಟದ ಏಕಸ್ವಾಮ್ಯವೂ ಸಿಕ್ಕಿತು. ಹೆಂಡದಂಗಡಿಯವರೂ ಬಡಜನರೂ 1757ರ ಫೆಬ್ರವರಿಯಲ್ಲಿ ದಂಗೆಯೆದ್ದರು. ಸರ್ಕಾರವು ಕಠೋರವಾಗಿ ಹತ್ತಿಕ್ಕಿ, ಹಲವರನ್ನು ಗಲ್ಲಿಗೇರಿಸಿತು. ಕಲ್ಲಿನ ಒಳಗೆ ಸೇರಿದವನಿಗೂ ಹೊರಗೆ ಉಳಿದವನಿಗೂ ಭಾಗ್ಯವೇ ಬೇರೆಯಾಯಿತು.

ಬೇರುಹೇನಿನ ಹಾವಳಿ

1850ರ ದಶಕದ ಆರಂಭದಲ್ಲಿ ಬೂದಿರೋಗ ಬಂದು ಬೆಳೆ ಕೆಡಿಸಿತು. ಗಂಧಕದ ಪುಡಿಯಿಂದ ಅದನ್ನು ಹತೋಟಿಗೆ ತಂದರು. 1860ರ ದಶಕದಲ್ಲಿ ಬಂದ ಫಿಲೋಕ್ಸೆರ ಎಂಬ ಬೇರುಹೇನು ಅದಕ್ಕಿಂತ ಭಯಂಕರ. ಅಮೆರಿಕದಿಂದ ಬಂದ ಈ ಕೀಟವು ಬೇರಿನ ರಸ ಹೀರಿ, ಗಂಟುಗಳನ್ನು ಎಬ್ಬಿಸಿ, ಕೊನೆಗೆ ಬೇರು ಕೊಳೆಯುವಂತೆ ಮಾಡುತ್ತದೆ. ಇಡೀ ಗುಡ್ಡಗಳು ಒಣಗಿದವು. ಅನೇಕ ಕುಟುಂಬಗಳು ಊರು ಬಿಟ್ಟವು. ಆಗ ಪಾಳುಬಿದ್ದು ಮತ್ತೆ ನೆಡದ ಮೆಟ್ಟಿಲುಗಳು ಕುರುಚಲು ಬೆಳೆದು ಇಂದಿಗೂ ಕಾಣುತ್ತವೆ. ಅವನ್ನು ಜನರು ‘ಸತ್ತ ನೆಲ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ.

ಔಷಧಿ ಫಲಿಸಲಿಲ್ಲ. ಕೊನೆಗೆ ಉಪಾಯ ಸಿಕ್ಕಿದ್ದು ಕಸಿಯಲ್ಲಿ. ಕೀಟದ ತವರಾದ ಅಮೆರಿಕದ ದ್ರಾಕ್ಷಿಯ ಬೇರು ಅದನ್ನು ಸಹಿಸಿಕೊಳ್ಳುತ್ತದೆ. ಆ ಬೇರುಸಸಿಯ ಮೇಲೆ ತಮ್ಮ ತಳಿಯ ಕುಡಿಯನ್ನು ಕಸಿ ಮಾಡಿ ಇಡೀ ಪ್ರದೇಶವನ್ನು ಹೊಸದಾಗಿ ನೆಟ್ಟರು. ನಮ್ಮ ದ್ರಾಕ್ಷಿ ಬೆಳೆಗಾರರು ಬಳಸುವ ಡಾಗ್‌ರಿಡ್ಜ್ ಬೇರುಸಸಿಯೂ ಅಮೆರಿಕ ಮೂಲದ್ದೇ. ನಾವು ಅದನ್ನು ಬರ ಮತ್ತು ಉಪ್ಪುನೀರು ತಡೆಯಲು ಬಳಸುತ್ತೇವೆ, ಅವರು ಬೇರುಹೇನನ್ನು ತಡೆಯಲು. ಕಸಿಯ ತತ್ವ ಒಂದೇ. ಆ ಕಷ್ಟಕಾಲದಲ್ಲಿ ಆಂತೋನಿಯಾ ಫೆರೇಯಿರಾ (1811–1896) ಎಂಬ ವಿಧವೆಯು ಹೊಸ ತೋಟಗಳನ್ನು ಎಬ್ಬಿಸಿ, ಜನರಿಗೆ ಕೆಲಸ ಕೊಟ್ಟು ನೆರವಾದುದನ್ನು ಕಣಿವೆಯ ಜನ ಇಂದಿಗೂ ನೆನೆಯುತ್ತಾರೆ.

ಅಂಕಪಟ್ಟಿ ಮತ್ತು ಪರವಾನಗಿ

ದೌರೊ ಪ್ರದೇಶದ ಇನ್ನೊಂದು ವಿಶೇಷವೆಂದರೆ ಪ್ರತಿಯೊಂದು ತಾಕಿಗೂ ಅಂಕ ಕೊಟ್ಟಿರುವುದು. 1940ರ ದಶಕದಲ್ಲಿ ಜಾರಿಗೆ ಬಂದ ಈ ಪದ್ಧತಿಯಲ್ಲಿ ಸ್ಥಳ, ಸಮುದ್ರಮಟ್ಟದಿಂದ ಎತ್ತರ, ಇಳಿಜಾರು, ಅದರ ದಿಕ್ಕು, ಕಲ್ಲಿನ ಜಾತಿ, ಕಲ್ಲಿನ ಪ್ರಮಾಣ, ಗಾಳಿಯಿಂದ ರಕ್ಷಣೆ, ತಳಿ, ಬಳ್ಳಿಯ ವಯಸ್ಸು, ನೆಟ್ಟ ಅಂತರ, ಸವರುವ ಕ್ರಮ ಮತ್ತು ಇಳುವರಿ ಎಂಬ ಹನ್ನೆರಡು ಅಂಶಗಳನ್ನು ನೋಡುತ್ತಾರೆ. ಇಳುವರಿ ಹೆಚ್ಚಿದ್ದರೆ ಅಂಕ ಇಳಿಯುತ್ತದೆ! ಪದರುಗಲ್ಲಿಗೆ ಅಂಕ ಏರುತ್ತದೆ, ಗ್ರಾನೈಟಿಗೆ ಇಳಿಯುತ್ತದೆ. ಒಟ್ಟು ಅಂಕದ ಮೇಲೆ ಎ ಇಂದ ಎಫ್‌ವರೆಗೆ ದರ್ಜೆ.

ಪ್ರತಿ ವರ್ಷ ಕೊಯ್ಲಿಗೆ ಮುನ್ನ, ಮಾರುಕಟ್ಟೆಯ ಸ್ಥಿತಿ ನೋಡಿ, ಆ ವರ್ಷ ಎಷ್ಟು ಪೀಪ ದ್ರಾಕ್ಷಿ ರಸವನ್ನು ಪೋರ್ಟ್ ಮಾಡಬಹುದು ಎಂಬುದನ್ನು ನಿಯಂತ್ರಣ ಸಂಸ್ಥೆಯು ನಿಗದಿ ಮಾಡುತ್ತದೆ. ಈ ಪರವಾನಗಿಗೆ ‘ಬೆನೆಫೀಸಿಯೊ’ ಎಂದು ಹೆಸರು. ಅದನ್ನು ದರ್ಜೆಯ ಪ್ರಕಾರ ತೋಟಗಳಿಗೆ ಹಂಚುತ್ತಾರೆ. ಪರವಾನಗಿ ಇರುವ ದ್ರಾಕ್ಷಿಗೆ ಒಳ್ಳೆಯ ಬೆಲೆ. ಅದೇ ಬಳ್ಳಿಯ ಉಳಿದ ಗೊಂಚಲಿಗೆ ಸಾಮಾನ್ಯ ವೈನಿನ ಬೆಲೆ. ಕೆಲವೊಮ್ಮೆ ಕೊಯ್ಲಿನ ಖರ್ಚೂ ಹುಟ್ಟುವುದಿಲ್ಲ. ವರ್ತಕನಿಗೂ ಕಟ್ಟುಪಾಡು ಉಂಟು: ಒಂದು ವರ್ಷದಲ್ಲಿ ತನ್ನ ದಾಸ್ತಾನಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಾರುವಂತಿಲ್ಲ. ಎಳೆಯ ವೈನನ್ನು ಒಮ್ಮೆಲೇ ಮಾರುಕಟ್ಟೆಗೆ ಸುರಿದು ಬೆಲೆಯನ್ನೂ ಹೆಸರನ್ನೂ ಕೆಡಿಸಬಾರದೆಂಬುದು ಇದರ ಉದ್ದೇಶ.

ಇಂದಿನ ಸ್ಥಿತಿ

ಜಗತ್ತಿನಲ್ಲಿ ಪೋರ್ಟ್ ಸೇವನೆ ಕಡಿಮೆಯಾಗುತ್ತಿದೆ. 2023ರಲ್ಲಿ 1,04,000 ಪೀಪಗಳಿದ್ದ ಪರವಾನಗಿ 2024ರಲ್ಲಿ 90,000ಕ್ಕೆ, 2025ರಲ್ಲಿ 75,000ಕ್ಕೆ ಇಳಿಯಿತು. ಪ್ರದೇಶದಲ್ಲಿ ಸುಮಾರು 20,000 ಬೆಳೆಗಾರರಿದ್ದು, ಬಹುಪಾಲು ಜನರ ಹಿಡುವಳಿ ಒಂದೆರಡು ಹೆಕ್ಟೇರು. ಅವರಿಗೆ ಪರವಾನಗಿ ಇಳಿದರೆ ಮನೆಯ ಆದಾಯವೇ ಇಳಿದಂತೆ. ಖರೀದಿದಾರರು ದ್ರಾಕ್ಷಿ ಬೇಡವೆಂದಾಗ ಬಳ್ಳಿಯಲ್ಲೇ ಹಣ್ಣು ಬಿಟ್ಟವರೂ ಉಂಟು.

ಬೆಳೆಗಾರರ ಪರವಾಗಿ 1932ರಲ್ಲಿ ‘ಕಾಜಾ ದೊ ದೌರೊ’ ಎಂಬ ಸಂಸ್ಥೆ ಹುಟ್ಟಿತ್ತು. ಅದು ಮಿಕ್ಕ ದ್ರಾಕ್ಷಿ ರಸವನ್ನು ಕೊಂಡು ಬೆಲೆ ಹಿಡಿಯುತ್ತಿತ್ತು, ಪ್ರತಿ ತಾಕಿನ ದಾಖಲೆ ಇಡುತ್ತಿತ್ತು. 1990ರಲ್ಲಿ ಅದು ದೊಡ್ಡ ವೈನ್ ಕಂಪನಿಯೊಂದರ ಷೇರುಗಳನ್ನು ಕೊಂಡು ಸಾಲದಲ್ಲಿ ಸಿಲುಕಿತು. 2014ರಲ್ಲಿ ಸಾರ್ವಜನಿಕ ಸಂಸ್ಥೆಯ ಸ್ಥಾನವನ್ನು ಕಳೆದುಕೊಂಡಿತು. 2024ರಲ್ಲಿ ಕಾನೂನಿನ ಮೂಲಕ ಅದಕ್ಕೆ ಮರುಜೀವ ಕೊಡಲಾಯಿತು. ಸಂಘ ದುರ್ಬಲವಾದ ವರ್ಷಗಳಲ್ಲಿ ಸಣ್ಣ ಬೆಳೆಗಾರನ ಮಾತೂ ದುರ್ಬಲವಾಯಿತು.

ಆಶಾದಾಯಕ ಸಂಗತಿಯೂ ಇದೆ. 1952ರಲ್ಲಿ ಫೆರ್ನಾಂದೊ ನಿಕೊಲಾವ್ ದೆ ಅಲ್ಮೇಯ್ದ ಎಂಬ ತಜ್ಞರು, ಸಾರಾಯಿ ಸೇರಿಸದ ಒಣರುಚಿಯ ಕೆಂಪು ವೈನನ್ನು ಇಲ್ಲಿ ಮಾಡಿ ತೋರಿಸಿದರು. ‘ಬಾರ್ಕಾ ವೇಲ್ಯಾ’ ಎಂಬ ಆ ವೈನಿಗಾಗಿ, ತೊಟ್ಟಿಯನ್ನು ತಂಪಾಗಿಡಲು ಸಮುದ್ರತೀರದಿಂದ ಮಂಜುಗಡ್ಡೆ ತರಿಸಬೇಕಾಯಿತು. 1982ರಲ್ಲಿ ಸಾಮಾನ್ಯ ವೈನಿಗೂ ದೌರೊ ಹೆಸರಿನ ಕಾನೂನು ಮಾನ್ಯತೆ ದೊರೆಯಿತು. ಇಂದು ಇಂತಹ ವೈನು ಪ್ರಮಾಣದಲ್ಲಿ ಪೋರ್ಟಿನ ಸಮಕ್ಕೆ ಬಂದಿದೆ. ಕೆಲವು ಬೆಳೆಗಾರರು ತಾವೇ ವೈನ್ ಮಾಡಿ, ತಮ್ಮ ತೋಟದ ಹೆಸರಿನಲ್ಲಿ ಮಾರುತ್ತಿದ್ದಾರೆ.

ನಾವು ತಿಳಿಯತಕ್ಕದ್ದು

ಭಾರತದಲ್ಲಿ 1999ರ ಭೌಗೋಳಿಕ ಗುರುತು ಕಾಯಿದೆಯು 2003ರಿಂದ ಜಾರಿಯಲ್ಲಿದೆ. ನಂಜನಗೂಡು ರಸಬಾಳೆ, ಕೊಡಗಿನ ಕಿತ್ತಳೆ, ಮೈಸೂರು ವೀಳ್ಯದೆಲೆ, ಬ್ಯಾಡಗಿ ಮೆಣಸಿನಕಾಯಿ, ಬೆಂಗಳೂರು ನೀಲಿ ದ್ರಾಕ್ಷಿ ಮೊದಲಾದವು ನಮ್ಮ ನಾಡಿನ ಇಂತಹ ಹೆಸರುಗಳು. ಪೊಂಬಾಲ್ ನೆಟ್ಟ ಗಡಿಗಲ್ಲಿನ ಕೆಲಸವನ್ನೇ ಈ ನೋಂದಣಿಯೂ ಮಾಡುತ್ತದೆ.

ದೌರೊ ಕಣಿವೆಯ ಅನುಭವ ಹೇಳುವುದು ಇಷ್ಟು. ಊರಿನ ಹೆಸರಿಗೆ ಬೆಲೆ ಬರುವುದು ನೆಲದ ಗುಣದಿಂದ. ಆ ಬೆಲೆ ಉಳಿಯುವುದು ಕಲಬೆರಕೆಯನ್ನು ತಡೆಯುವ ಕಟ್ಟುಪಾಡಿನಿಂದ. ಅದು ಬೆಳೆದವನ ಮನೆಗೆ ತಲುಪುವುದು ಮಾತ್ರ ಅವನ ಸಂಘದ ಬಲದಿಂದ. ಮೊದಲಿನೆರಡು ಇದ್ದು ಮೂರನೆಯದು ಸಡಿಲವಾದರೆ ಹೆಸರು ಪೇಟೆಯಲ್ಲಿ ಉಳಿಯುತ್ತದೆ, ಹಣ್ಣು ಬಳ್ಳಿಯಲ್ಲಿ ಉಳಿಯುತ್ತದೆ. ಗಾರೆಯಿಲ್ಲದ ಗೋಡೆಯಲ್ಲಿ ಒಂದು ಕಲ್ಲು ಜಾರಿದರೆ ಅಲ್ಲಿಯ ರೈತನು ಮುಂದಿನ ಮಳೆಗೆ ಕಾಯದೆ ಅದನ್ನು ಮತ್ತೆ ಕೂರಿಸುತ್ತಾನೆ. ಬೆಳೆಗಾರರ ಸಂಘಕ್ಕೂ ಅದೇ ಎಚ್ಚರಿಕೆ ಬೇಕು.